ಬೋಗಿಯ ಅಕ್ಷರ ಅಳಿಸಿದ್ದು

೮ ಜನವರಿ ೨೦೦೭, ಸೋಮವಾರ

ಬೆಳಿಗ್ಗೆ ಶೃಂಗೇರಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬಸ್. ಹಳೇ ಮಾಲೀಕನ ಹೆಸರು ಅಳಿಸಿದೆ. ಥಿನ್ನರ್, ಬನಿಯನ್ ಬಟ್ಟೆ, ಅರ್ಧ ಗಂಟೆ. ಹೊಸ ಹೆಸರು ಬರೆಯಲು ನಾನು ಬೇಡವಂತೆ — ಫ್ಲೆಕ್ಸ್ ಅಂಗಡಿಯವನು ಸ್ಟಿಕ್ಕರ್ ಅಂಟಿಸುತ್ತಾನಂತೆ. ಇಪ್ಪತ್ತೆಂಟು ವರ್ಷ ಬರೆದವನಿಗೆ ಈಗ ಅಳಿಸುವ ಕೆಲಸ ಮಾತ್ರ. ಥೂ.

ಬಲಗಣ್ಣು ಇವತ್ತೂ ಮಂಜು. ಎಡಗಣ್ಣೂ ಅಷ್ಟಕ್ಕಷ್ಟೆ, ಇದನ್ನೂ ದಪ್ಪ ಅಕ್ಷರದಲ್ಲಿ ಅಂದಾಜಿಗೆ ಬರೆಯುತ್ತಿದ್ದೇನೆ. ಕಲ್ಲಮ್ಮನಿಗೆ ಹೇಳಿಲ್ಲ. ಹೆಂಡತಿಗೆ ಹೇಳಿದರೆ ಆಸ್ಪತ್ರೆ, ಆಪರೇಷನ್, ಕೊಪ್ಪ ಪೇಟೆಗೆಲ್ಲ ಸುದ್ದಿ. ಪೇಂಟರ್ ಷಡಕ್ಷರಿಗೆ ಕಣ್ಣು ಕಾಣಲ್ಲವಂತೆ ಎಂದು ಒಬ್ಬ ಬಸ್ ಮಾಲೀಕನ ಕಿವಿಗೆ ಬಿದ್ದರೂ ಮುಗಿಯಿತು. ಅಳಿಸುವ ಕೆಲಸವೂ ಇಲ್ಲ.

೧೦ ಜನವರಿ

ನರಸಿಂಹರಾಜಪುರದಿಂದ ಚಂದ್ರಣ್ಣ ಬಂದಿದ್ದರು. ರೈಲ್ವೆ ಗಾರ್ಡ್ ಆಗಿ ರಿಟೈರಾದವರು. ಹಿಂದೆ ತರೀಕೆರೆಯಿಂದ ಅವರೂರಿಗೆ ಸಣ್ಣ ರೈಲು ಓಡುತ್ತಿತ್ತಲ್ಲ — ಅದರದೇ ಪುಟ್ಟ ಮಾದರಿಯನ್ನು ಮನೆಯ ಕೋಣೆಯಲ್ಲಿ ಹಲಗೆಯ ಮೇಲೆ ಓಡಿಸುತ್ತಾರಂತೆ! ಡಬ್ಬ ಬಿಚ್ಚಿದರು. ನಾಲ್ಕು ಬೋಗಿ, ಒಂದೊಂದೂ ಗೇಣುದ್ದ. ಪರದೇಶದ್ದು. ಪಕ್ಕದಲ್ಲಿ ಅಲ್ಲಿಯ ಕಂಪನಿ ಹೆಸರು, ಇಂಗ್ಲಿಷಿನಲ್ಲಿ, ರಾಗಿ ಕಾಳಿನಷ್ಟು ಅಕ್ಷರ.

"ಈ ಅಕ್ಷರ ಹೋಗ್ಬೇಕು ಮಾರಾಯ. ನಮ್ಮೂರ ರೈಲಿಗೆ ಪರದೇಶದ ಹೆಸರು ಎಂತಕ್ಕೆ? ಆದ್ರೆ ಬಣ್ಣಕ್ಕೆ ಏನೂ ಆಗ್ಬಾರ್ದು. ಈ ಕೆಂಪು ಮತ್ತೆ ಸಿಗಲ್ಲ."

"ಬಸ್ಸಿಂದೇ ತೆಗೀತೀನಿ ಚಂದ್ರಣ್ಣ, ಇದೇನು ಮಹಾ," ಎಂದೆ. ಒಂದು ಬೋಗಿ ಸ್ಯಾಂಪಲ್ಲಿಗೆ ಕೊಟ್ಟುಹೋದರು. ಸರಿ ಬಂದರೆ ಉಳಿದ ಮೂರೂ ನನಗೇ. ಇದೇ ಹುಚ್ಚಿನ ಸ್ನೇಹಿತರು ಇನ್ನೂ ಇದ್ದಾರಂತೆ, ಅವರ ಕೆಲಸವೂ ಬರಬಹುದು.

೧೨ ಜನವರಿ, ಮಧ್ಯಾಹ್ನ

ಹಿಡಿಕಡ್ಡಿಗೆ ಹತ್ತಿ ಸುತ್ತಿ ಥಿನ್ನರಿನಲ್ಲಿ ಅದ್ದಿದೆ. ಬಸ್ಸಿಗೆ ಮೆಟ್ಟಿಲ ಕೆಳಗೆ ಟೆಸ್ಟ್ ಮಾಡುವ ಹಾಗೆ ಮೊದಲು ಬೋಗಿಯ ಅಡಿಗೆ ಉಜ್ಜಿದೆ. ಏನೂ ಆಗಲಿಲ್ಲ ಅನ್ನಿಸಿತು. ಆಮೇಲೆ ಹೆಸರಿದ್ದ ಬದಿಗೆ ಹಚ್ಚಿದೆ, ಮೂಲೆಯ ಅಕ್ಷರದಿಂದ ಶುರು.

ಕಲ್ಲಮ್ಮ ಕಾಫಿ ತಂದಳು.

"ರೀ, ಹತ್ತಿ ಕೆಂಪಾಗಿದೆಯಲ್ರೀ! ಬಣ್ಣ ಕಿತ್ತು ಬರ್ತಿದೆ, ಕಾಣಿಸ್ತಿಲ್ವಾ?"

"ಬೆಳಕಿಗೆ ಹಾಗೆ ಕಾಣೋದು. ನಿನ್ನ ಕೆಲಸ ನೋಡು ಹೋಗು."

ಅವಳು ಹೋದ ಮೇಲೆ ಬಿಸಿಲಿಗೆ ಹಿಡಿದು, ಬಲಗಣ್ಣು ಮುಚ್ಚಿ ನೋಡಿದೆ. ಹತ್ತಿ ಕೆಂಪೇ. ಅಡಿಯಲ್ಲೂ ಬಣ್ಣ ಎದ್ದಿದೆ. ಮೂಲೆಯಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದೆ. ತಗಡಿನ ಬುದ್ಧಿಯನ್ನು ಪ್ಲಾಸ್ಟಿಕ್ಕಿಗೆ ತೋರಿಸಿದೆ. ಕತ್ತೆ ನಾನು.

೧೪ ಜನವರಿ, ಭಾನುವಾರ

ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ ತಂದೆ, ಇಂಜೆಕ್ಷನ್ ಕೊಡುವ ಮೊದಲು ಒರೆಸುತ್ತಾರಲ್ಲ ಅದೇ. ಮತ್ತೆ ಅಡಿಯಲ್ಲಿ ಟೆಸ್ಟ್. ಈ ಸಲ ಕಲ್ಲಮ್ಮನನ್ನೇ ಕರೆದೆ. "ಹತ್ತಿ ಬೆಳ್ಳಗೇ ಇದೆ," ಎಂದಳು. ಒದ್ದೆ ಹತ್ತಿಯನ್ನು ಅಕ್ಷರದ ಮೇಲೆ ಹತ್ತು ನಿಮಿಷ ಇಡುವುದು. ಮೆತ್ತಗಾದ ಮೇಲೆ ಟೂತ್‌ಪಿಕ್ ತುದಿಯಿಂದ ಒಂದೊಂದೇ ಅಕ್ಷರ ತಳ್ಳುವುದು. ಗೀರಬಾರದು, ಬರೀ ತಳ್ಳಬೇಕು. ದಾರಿ ಸಿಕ್ಕಿತು. ಆದರೆ ಅಕ್ಷರದ ಅಂಚೇ ಸಿಗುತ್ತಿಲ್ಲ. ಕಡ್ಡಿ ಎರಡು ಸಲ ಜಾರಿತು.

"ಕೊಡಿ ಇಲ್ಲಿ. ನಿಮ್ಮ ಕೈ ಭಾರ," ಎಂದು ಕಸಿದುಕೊಂಡಳು. ಸಿಟ್ಟು ಬಂತು. ಕೊಟ್ಟೆ.

ಅವಳಿಗೆ ಇಂಗ್ಲಿಷ್ ಬರುವುದಿಲ್ಲ. "ಕುಡುಗೋಲಿನಂಥದ್ದು ಹೋಯ್ತು. ಈಗ ಏಣಿಯಂಥದ್ದು," ಎನ್ನುತ್ತಾ ತೆಗೆದಳು. ಒಂಬತ್ತು ಅಕ್ಷರಕ್ಕೆ ನಾಲ್ಕು ಗಂಟೆ. ಬೆರಳಾಡಿಸಿ ನೋಡಿದೆ — ಒಂದು ಗೀರಿಲ್ಲ. ನಾನು ಕಣ್ಣು ಚೆನ್ನಾಗಿದ್ದಾಗಲೂ ಇಷ್ಟು ನಾಜೂಕಾಗಿ ಮಾಡುತ್ತಿದ್ದೆನೋ ಇಲ್ಲವೋ.

೧೭ ಜನವರಿ

ನರಸಿಂಹರಾಜಪುರಕ್ಕೆ ಹೋಗಿದ್ದೆವು. ಕಲ್ಲಮ್ಮನೂ ಬಂದಳು, ಅಲ್ಲಿ ಅವಳ ಅಕ್ಕನ ಮನೆ. ಚಂದ್ರಣ್ಣ ಭೂತಗನ್ನಡಿ ಹಿಡಿದರು.

"ಅಬ್ಬಾ! ಎಂತ ಕೈ ಮಾರಾಯ ನಿಂದು! ಇಲ್ಲಿ ಅಕ್ಷರ ಇತ್ತು ಅಂತ ಆಣೆ ಮಾಡಿ ಹೇಳಿದ್ರೂ ಯಾರೂ ನಂಬಲ್ಲ."

ನಕ್ಕೆ. ಅಷ್ಟೇ ಮಾಡಿದ್ದು, ನಕ್ಕೆ. ಗಾಜು ಮೂಲೆಗೆ ಹೋಯಿತು.

"ಇದೆಂತದು?"

ಬಾಯಿ ತಾನಾಗಿ ಆಡಿತು — "ಅದು... ನಾನಿಲ್ಲದಾಗ ಇವಳು ಕೈ ಹಾಕಿಬಿಟ್ಟಳು."

ಕಲ್ಲಮ್ಮ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದಳು. "ಹೋಗ್ಲಿ ಬಿಡಿ ಅಮ್ಮ, ಗೊತ್ತಿಲ್ದೆ ಆಗತ್ತೆ," ಎಂದರು ಚಂದ್ರಣ್ಣ. ಅವಳು "ಹ್ಞೂಂ" ಎಂದಳು. ಲೋಟ ಕೆಳಗಿಟ್ಟಳು. ಉಳಿದ ಮೂರು ಬೋಗಿ ನನ್ನ ಕೈಗೆ ಬಂದವು.

ಬಸ್ಸಿನಲ್ಲಿ ಮುಂದೆ ಹೆಂಗಸರ ಸೀಟಿಗೆ ಹೋಗಿ ಕೂತಳು. ಕೊಪ್ಪದಲ್ಲಿ ಇಳಿದು ತಿರುಗಿ ನೋಡದೆ ನಡೆದಳು.

೨೮ ಜನವರಿ

ಹನ್ನೊಂದು ದಿನ. ಊಟ ಬಡಿಸುತ್ತಾಳೆ, ಕಾಫಿ ಬರುತ್ತದೆ. ಮಾತು — "ನೀರು ಕಾದಿದೆ." ಮುಗಿಯಿತು.

ನಿನ್ನೆ ಮೆಲ್ಲಗೆ ಕೇಳಿದೆ, "ಆ ಬೋಗಿ ಸ್ವಲ್ಪ..."

"ನಾನು ಕೈ ಹಾಕಿದ್ರೆ ಹಾಳಾಗತ್ತಲ್ಲ."

ನಾನೇ ಕೂತು ನೋಡಿದೆ. ಎರಡು ಅಕ್ಷರ ಸೇರಿ ಒಂದಾಗಿ ಕಾಣುತ್ತದೆ. ಇಟ್ಟುಬಿಟ್ಟೆ. ಚಂದ್ರಣ್ಣನ ಫೋನು, ಎಲ್ಲಿಗೆ ಬಂತು ಅಂತ. "ಆಗ್ತಿದೆ" ಎಂದೆ. ಇನ್ನೊಂದು ಸುಳ್ಳು.

೩೦ ಜನವರಿ, ಸಂಜೆ

ಬೆಳಗಿನ ಮೊದಲ ಬಸ್ಸಿಗೆ ನರಸಿಂಹರಾಜಪುರ. ಡಬ್ಬ ಚಂದ್ರಣ್ಣನ ಮುಂದಿಟ್ಟು ನಿಂತೇ ಹೇಳಿದೆ. ಕಲೆ ಮಾಡಿದ್ದು ನಾನು. ಅಕ್ಷರ ತೆಗೆದದ್ದು ಪೂರ್ತಿ ಕಲ್ಲಮ್ಮ.

ಅವರು ಡಬ್ಬವನ್ನು ಪಕ್ಕಕ್ಕೆ ಸರಿಸಿದರು. "ಬೋಗಿ ಹಾಳಾದ್ರೆ ಆಗ್ಲಿ. ಅವರನ್ನ ಎದುರಿಗೆ ನಿಲ್ಲಿಸ್ಕೊಂಡು ಹೇಳಿದ್ಯಲ್ಲೋ! ನಾನು ಬೇರೆ ಅವರಿಗೆ ಸಮಾಧಾನ ಹೇಳಿದೆ. ನಾಚಿಕೆ ಆಗಲ್ವ ನಿಂಗೆ?"

"ಆಗತ್ತೆ."

"ಬಣ್ಣ ಏಳೋದು ಕಾಣ್ಲಿಲ್ವ ಮಾರಾಯ?"

"ಬಸ್ಸಿನ ಅಭ್ಯಾಸ," ಎಂದೆ. ಕಣ್ಣಿನ ವಿಷಯ ಅಲ್ಲೂ ಬಾಯಿಗೆ ಬರಲಿಲ್ಲ.

ಡಬ್ಬ ವಾಪಸ್ ತೆಗೆದುಕೊಳ್ಳಲಿಲ್ಲ. "ಅವರ ಕೈಗೆ ಕೊಡು. ಒಪ್ಪಿದ್ರೆ ಮಾಡ್ಲಿ."

ಮನೆಗೆ ಬಂದು ಕಲ್ಲಮ್ಮನಿಗೆ ಒಂದೂ ಬಿಡದೆ ಒಪ್ಪಿಸಿದೆ.

"ಚೆನ್ನಾಗಿ ಬೈದ್ರಾ?"

"ಚೆನ್ನಾಗಿ."

"ಒಳ್ಳೇದಾಯ್ತು."

ಸೆರಗಿಗೆ ಕೈ ಒರೆಸಿ ಒಂದು ಬೋಗಿ ಎತ್ತಿ ಕಿಟಕಿಗೆ ಹಿಡಿದಳು. "ಇದ್ರಲ್ಲಿ ಎರಡು ಸಾಲಿದೆ. ಯಾವುದು ದಪ್ಪ ಕೂತಿದೆ ನೋಡಿ, ಅದನ್ನೇ ಮೊದ್ಲು ನೆನೆಸ್ತೀನಿ."

ನೋಡಿದೆ. ಸಾಲೇ ಇಲ್ಲ, ಕೆಂಪು ಮಾತ್ರ. ಮೇಲಿನದು ಎಂದುಬಿಟ್ಟಿದ್ದರೆ ಆಗುತ್ತಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ.

"ನಂಗೆ ಕಾಣ್ತಿಲ್ಲ ಕಲ್ಲಮ್ಮ. ದೀಪಾವಳಿಯಿಂದ ಕಾಣ್ತಿಲ್ಲ."

ಬೋಗಿ ಇಟ್ಟಳು. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಬಲಗಣ್ಣನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಅವಳ ಕಣ್ಣು ತುಂಬಿತ್ತು.

೩೧ ಜನವರಿ, ಬೆಳಿಗ್ಗೆ ೬

ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎದ್ದು ನೋಡಿದರೆ ಕಲ್ಲಮ್ಮ ಸೀರೆ ಬದಲಿಸಿ, ಚೀಲ ಹಿಡಿದು ಬಾಗಿಲಲ್ಲಿದ್ದಾಳೆ. ಶಿವಮೊಗ್ಗದ ಬಸ್ಸಿಗೆ ಇಪ್ಪತ್ತು ನಿಮಿಷವಂತೆ, ಕಣ್ಣಿನ ಡಾಕ್ಟರು ಹತ್ತಕ್ಕೆ ಬರುತ್ತಾರಂತೆ. ಯಾರನ್ನು ಯಾವಾಗ ಕೇಳಿದಳೋ.

"ಚಂದ್ರಣ್ಣನ ಬೋಗಿ?" ಎಂದೆ.

"ಆ ಅಕ್ಷರ ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ನೀವು ಹೊರಡಿ."

ಷರ್ಟ್ ಹಾಕಬೇಕು. ಗುಂಡಿ ತಾನೇ ಹಾಕುತ್ತೇನೆ ಅಂತಾಳೆ, ನನಗೆ ಗುಂಡಿಯೂ ಕಾಣಲ್ಲವೆಂದು ಇವಳ ಲೆಕ್ಕ. ಬರೆದದ್ದು ಸಾಕು ಅಂತ ಪೆನ್ನಿಗೇ ಕೈ ಹಾಕಿದಳು. ಬಂದೆ ಮಾರಾಯ್ತಿ, ಬಂದೆ.