ಗೇಟಿನ ಮುಂದೆ ಹಾಲಿನ ಪ್ಯಾಕೆಟ್

ಭಾನುವಾರ, ಡಿಸೆಂಬರ್ ೨೧

ಪ್ರೀತಿಯ ತಂಗಿಗೆ,

ನಿನ್ನ ಅಕ್ಕನ ಆಶೀರ್ವಾದ. ‘ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆಯಲು ಹೋದೆ, ಪೆನ್ನು ಅಲ್ಲೇ ನಿಂತಿತು. ನಾನು ಕ್ಷೇಮವಾಗಿಲ್ಲ, ನೀನು ಹೇಗಿದ್ದೀಯ ಎಂದು ಕೇಳುವ ಮುಖವೂ ನನಗಿಲ್ಲ. ಎರಡು ಬೀದಿ ಆಚೆ ಇರುವ ತಂಗಿಗೆ ಅಂಚೆಯಲ್ಲಿ ಕಾಗದ ಹಾಕುವ ಅಕ್ಕ ಎಲ್ಲಾದರೂ ಇದ್ದಾಳೆಯೇ ಎಂದು ನಗಬೇಡ. ನಿನ್ನ ಬಾಗಿಲಿಗೆ ಎರಡು ಸಲ ಬಂದೆ. ಎರಡು ಸಲವೂ ನೀನು ಚಿಲಕ ತೆಗೆಯದೆ ಒಳಗಿನಿಂದಲೇ, “ಅಕ್ಕಾ, ಕೆಲಸಕ್ಕೆ ಹೊತ್ತಾಯ್ತು” ಅಂದೆ. ಬೈದಿದ್ದರೆ ನಾನೂ ತಿರುಗಿ ಬೈದು, ಅತ್ತು, ಒಳಗೆ ನುಗ್ಗಿ ಟೀ ಕುಡಿದು ಬರುತ್ತಿದ್ದೆ. ನಾವು ಜಗಳ ಆಡುತ್ತಾ ಬಂದಿದ್ದು ಹಾಗೇ ತಾನೇ? ಈ ಸಲ ನೀನು ಬೈಯಲಿಲ್ಲ. ಅದಕ್ಕೇ ಕಾಗದ. ಬರೆದು ಹರಿದು, ಬರೆದು ಹರಿದು ಇಷ್ಟು ತಡವಾಯಿತು, ಅದಕ್ಕೂ ಕ್ಷಮಿಸು.

ಮೊದಲು ಸ್ಕೂಲಿನ ಸುದ್ದಿ ಹೇಳಿಬಿಡುತ್ತೇನೆ, ನನ್ನ ಕೈಗೆ ಅದೇ ರೂಢಿ. ನಮ್ಮ ಬೆಟ್ಟದೂರಿಗೆ ಈ ಸಲ ಚಳಿ ವಿಪರೀತ. ಒಂದನೇ ಕ್ಲಾಸಿನವರು ಬಾಯಿಂದ ಹೊಗೆ ಬಿಟ್ಟುಕೊಂಡು ಅಂಗಳದ ತುಂಬ ರೈಲು ಓಡಿಸುತ್ತಿದ್ದಾರೆ. ಕಳೆದುಹೋದ ಕೈಗವಸುಗಳ ಡಬ್ಬಿ ತುಂಬಿ ತುಳುಕುತ್ತಿದೆ, ನೋಡಿದರೆ ಎಲ್ಲವೂ ಎಡಗೈಯವು. ಬಲಗೈಯವು ಯಾವ ದೇಶಾಂತರ ಹೋದವೋ. ಹೆಡ್‌ಮಿಸ್‌ಗೆ ಗಂಟಲು ಕಟ್ಟಿ ಸ್ವರವೇ ಹೊರಡುವುದಿಲ್ಲ, ಆದರೂ ಮೈಕು ಮಾತ್ರ ಬೇರೆಯವರ ಕೈಗೆ ಕೊಡುವುದಿಲ್ಲ. ನೋಡು, ಇಂಥದ್ದು ಬರೆಯುವಾಗ ನನ್ನ ಕೈ ಎಷ್ಟು ಸಲೀಸಾಗಿ ಓಡುತ್ತದೆ. ಹೀಗೆ ಓಡುವ ಕೈಯೇ ನಿನ್ನನ್ನು ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲುವ ಹಾಗೆ ಮಾಡಿದ್ದು.

ಗುರುವಾರ ನಿನ್ನ ಅರ್ಜಿ ನನ್ನ ಮೇಜಿಗೆ ಬಂತು. ಮಗಳನ್ನು ಈ ಸ್ಕೂಲಿನಿಂದ ಬಿಡಿಸುತ್ತೇನೆ, ವರ್ಗಾವಣೆ ಪತ್ರ ಕೊಡಿ, ಕಾರಣ ಸ್ವಂತದ್ದು ಎಂದು ಬರೆದಿದ್ದೀಯ. ಆ ಪತ್ರ ಟೈಪ್ ಮಾಡುವ ಗುಮಾಸ್ತೆ ನಾನೇ ಎಂದು ನಿನಗೆ ಗೊತ್ತು. ಬೇಕೆಂದೇ ನನ್ನ ಕೈಗೆ ಸೇರುವ ಹಾಗೆ ಮಾಡಿದೆಯೋ, ಬೇರೆ ದಾರಿ ಇರಲಿಲ್ಲವೋ, ಕೇಳುವ ಹಕ್ಕು ನನಗಿಲ್ಲ. ಆದರೆ ನಮ್ಮ ಬಟಾಣಿ ಎರಡನೇ ಕ್ಲಾಸಿನ ಮಗು. ಎರಡು ಬಸ್ಸು ಬದಲಾಯಿಸಿ ಹೊಸ ಸ್ಕೂಲಿಗೆ ಹೋಗಿ, ಯಾರೂ ಗೊತ್ತಿಲ್ಲದ ಬೆಂಚಿನ ಮೇಲೆ ಕೂರಬೇಕು. ಅದು ನನ್ನಿಂದ ಆಗಬಾರದು ಎಂದು ಈ ಕಾಗದ ಬರೆಯುತ್ತಿದ್ದೇನೆ.

ನೀನು ಅವಳನ್ನು ಸೇರಿಸಲು ಬಂದ ದಿನ ನೆನಪಿದೆಯಾ? ಬೇಕರಿಯಿಂದ ನೇರವಾಗಿ ಬಂದಿದ್ದೆ, ತೋಳಿನ ಮೇಲೆ ಮೈದಾಹಿಟ್ಟು, ಕೂದಲಿಗೆ ಬಲೆ. ನೀನು ಆಚೆ ಹೋದಮೇಲೆ ಹೆಡ್‌ಮಿಸ್ ನನ್ನನ್ನು, “ನಿಮಗೆ ಪರಿಚಯದವರಾ?” ಅಂತ ಕೇಳಿದರು. ನಾನು, “ಮುಖ ನೋಡಿದ ಹಾಗಿದೆ ಅಷ್ಟೇ” ಅಂದೆ. ಆಮೇಲೆ ನಿನಗೆ ಕಾರಣ ಕೊಟ್ಟೆ: ಸೀಟು ಕಡಿಮೆ, ಆಫೀಸಿನವಳು ತಂಗಿ ಮಗಳನ್ನು ತೂರಿಸಿದಳು ಎಂದು ಆಡಿಕೊಳ್ಳುತ್ತಾರೆ, ಸ್ಕೂಲಿನಲ್ಲಿ ನಮ್ಮ ಸಂಬಂಧ ಗೊತ್ತಾಗುವುದು ಬೇಡ. ನೀನು ತಕ್ಷಣ ಒಪ್ಪಿದೆ. “ನಿನ್ನ ಕೆಲಸಕ್ಕೆ ತೊಂದ್ರೆ ಆಗೋದು ಬೇಡಕ್ಕಾ” ಅಂದೆ. ಕಾರಣ ಚೆನ್ನಾಗಿಯೇ ಇತ್ತು. ಅದು ಸುಳ್ಳೂ ಅಲ್ಲ. ಆದರೆ ನಿಜ ಹೇಳಬೇಕೆಂದರೆ ಅವತ್ತು ನನ್ನ ಕಣ್ಣಿಗೆ ಕಂಡದ್ದು ಸೀಟು ಅಲ್ಲ, ನಿನ್ನ ತೋಳಿನ ಮೇಲಿನ ಹಿಟ್ಟು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೂತಿದ್ದ ನನಗೆ, ಇವಳು ನನ್ನ ಒಡಹುಟ್ಟಿದವಳು ಎನ್ನಲು ನಾಲಿಗೆ ಹೊರಳಲಿಲ್ಲ.

ಆದರೂ ಬೆಳಗಿನ ಏರ್ಪಾಡು ಮಾಡಿದ್ದು ಪ್ರೀತಿಯಿಂದಲೇ, ಅದನ್ನು ನಂಬು. ನಿನ್ನ ಪಾಳಿ ಏಳಕ್ಕೆ ಶುರು, ನಿನ್ನ ಗಂಡನ ಲಾರಿ ಊರು ಸೇರುವುದು ಹೊತ್ತೇರಿದ ಮೇಲೆ. ಗೇಟಿನ ಬೀಗದಕೈ ನನ್ನ ಹತ್ತಿರವೇ ಇರುತ್ತದಲ್ಲ, ನೀನು ಬಿಟ್ಟು ಬಸ್ಸು ಹತ್ತು, ಮಿಕ್ಕಿದ್ದು ನನಗಿರಲಿ ಅಂದವಳು ನಾನೇ. ಮಳೆಗಾಲವೆಲ್ಲ ಎಷ್ಟು ಚೆನ್ನಾಗಿ ನಡೆಯಿತು! ಅವಳು ನನ್ನ ಮೇಜಿನ ಕೆಳಗೆ ಹೀಟರಿಗೆ ಕಾಲು ಚಾಚಿ ಕೂತು, ಸ್ಕೂಲಿನ ಪೆನ್ಸಿಲುಗಳನ್ನೆಲ್ಲ ಕೆತ್ತಿಡುತ್ತಿದ್ದಳು. ಅಗತ್ಯವಿಲ್ಲದವನ್ನೂ ಕೆತ್ತುತ್ತಿದ್ದಳು. “ದೊಡ್ಡಮ್ಮಾ, ಇದು ಮೊಂಡ ಆಗಿದೆ ನೋಡಿ” ಅಂತ ಹೇಳಿ ಚೂಪಾಗಿದ್ದದ್ದನ್ನೇ ಮತ್ತೆ ಕೆತ್ತುವುದು. ಮೊದಲನೆಯ ಮಗು ಗೇಟಿನೊಳಗೆ ಬಂದ ಸದ್ದಾದರೆ ಸಾಕು, ಎದ್ದು ನಿಂತು “ಬರ್ತೀನಿ ಆಫೀಸ್ ಮಿಸ್” ಎಂದು ಓಡಿಹೋಗುತ್ತಿದ್ದಳು. ಹಾಗೆ ಕರೆಯಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಅದು ನಮ್ಮಿಬ್ಬರ ಆಟ ಎಂದಿದ್ದೆ.

ಚಳಿ ಬಂತು, ನನಗೆ ರಜಾಯಿ ಬಿಟ್ಟು ಏಳುವುದು ಕಷ್ಟವಾಯಿತು. ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ, ಹುಡುಕಬೇಡ. ಕಾಯಿಲೆಯಲ್ಲ, ಕಷ್ಟವಲ್ಲ, ಬರೀ ಸೋಮಾರಿತನ. ಮೊದಲ ದಿನ ಒಂದಿಷ್ಟು ತಡವಾಯಿತು. ಅವಳು ಗೇಟಿನ ಕಂಬಿ ಹಿಡಿದು ನಿಂತಿದ್ದಳು, ನನ್ನನ್ನು ನೋಡಿ ನಕ್ಕಳು. ನಕ್ಕಳಲ್ಲ, ಆಮೇಲೆ ನಾನು ನಿಶ್ಚಿಂತೆಯಾಗಿಬಿಟ್ಟೆ. ತಡ ಇನ್ನಷ್ಟು ತಡವಾಯಿತು. “ಅಮ್ಮಂಗೆ ಹೇಳ್ಬೇಡ ಪುಟ್ಟಾ, ಸುಮ್ನೆ ಯೋಚ್ನೆ ಮಾಡ್ತಾಳೆ” ಎಂದೆ. ಅವಳು ತಲೆ ಆಡಿಸಿದಳು. ಅವಳು ಹೇಳಲಿಲ್ಲ, ನೋಡು. ನೀನು ಪ್ರತಿದಿನ ಇನ್ನೇನು ಅಕ್ಕ ಬಂದೇಬಿಡುತ್ತಾಳೆ ಎಂದು ನಂಬಿ ಬಸ್ಸು ಹತ್ತುತ್ತಿದ್ದೆ. ಮಗು ಮಂಜು ಕಟ್ಟಿದ ಮೆಟ್ಟಿಲ ಮೇಲೆ ಬ್ಯಾಗು ಹಾಸಿಕೊಂಡು ಕೂರುತ್ತಿತ್ತು.

ಅಂಗಳದ ಪೈಪು ಹೆಪ್ಪುಗಟ್ಟಿ ಒಡೆದ ದಿನ ಹೆಡ್‌ಮಿಸ್ ಪ್ಲಂಬರನನ್ನು ಕರೆದುಕೊಂಡು ಬೇಗ ಬಂದರು. ಬಟಾಣಿ ಕಂಕುಳಲ್ಲಿ ಕೈ ಇಟ್ಟುಕೊಂಡು ಮುದುರಿ ಕೂತಿದ್ದಳಂತೆ, ತುಟಿ ನೀಲಿಯಾಗಿತ್ತಂತೆ. “ಯಾರು ಬಿಟ್ಟು ಹೋದ್ರು?” ಎಂದು ಕೇಳಿದ್ದಕ್ಕೆ “ಅಮ್ಮ” ಎಂದಳಂತೆ. “ಯಾರನ್ನ ಕಾಯ್ತಾ ಇದ್ದೀಯ?” ಎಂದು ಕೇಳಿದರೆ “ಯಾರನ್ನೂ ಇಲ್ಲ ಮಿಸ್.” ಹೆಡ್‌ಮಿಸ್ ಇದನ್ನೆಲ್ಲ ನನಗೇ ಹೇಳಿ, “ಎಂಥಾ ತಾಯಿ ಇರಬೇಕು! ಚಳಿಗಾಲದ ಸೂಚನೆಯಲ್ಲಿ ಈ ವಿಷಯ ಚುರುಕು ಮುಟ್ಟೋ ಹಾಗೆ ಬರೀರಿ” ಅಂದರು. ಆಗ ಬಾಯಿ ತೆರೆಯಬೇಕಿತ್ತು. ನಾನು, “ಆಯ್ತು ಮಿಸ್” ಎಂದೆ.

ಪೋಷಕರಿಗೆ ನಾನು ಬರೆದು ಕಳಿಸುವ ಸೂಚನೆಗಳೆಂದರೆ ಎಲ್ಲರಿಗೂ ಇಷ್ಟ, ನನಗೂ ಅದರ ಜಂಬ ಇದ್ದೇ ಇದೆ. ಮೆತ್ತಗೆ ಒಂದು ಸಾಲು ಬರೆದು ಮುಗಿಸೋಣ ಎಂದೇ ಕೂತೆ, ದೇವರಾಣೆ. ಸ್ವೆಟರಿನ ಮೇಲೆ ಹೆಸರು ಹೊಲಿಯಿರಿ ಎಂದು ಬರೆದೆ. ಮಗುವಿಗೆ ಕೆಮ್ಮು ಇದ್ದರೆ ಮನೆಯಲ್ಲೇ ಇರಿಸಿಕೊಳ್ಳಿ, ಅದನ್ನು ಇಡೀ ಕ್ಲಾಸಿಗೆ ಹಂಚಬೇಡಿ ಎಂದು ಬರೆದೆ. ತಮಾಷೆ ಹತ್ತಿಕೊಂಡಿತ್ತು, ಪೆನ್ನು ನಿಲ್ಲಲಿಲ್ಲ. ‘ಕೆಲವು ಪೋಷಕರು ಮಕ್ಕಳನ್ನು ಹಾಲಿನ ಪ್ಯಾಕೆಟ್ಟಿನ ಹಾಗೆ ನಸುಕಿನಲ್ಲೇ ಗೇಟಿನ ಮುಂದೆ ಇಟ್ಟು ಹೋಗುತ್ತಿದ್ದಾರೆ. ಚಳಿಗೆ ಹಾಲು ಕೆಡುವುದಿಲ್ಲ, ಮಕ್ಕಳು ಹಾಗಲ್ಲ.’ ಬರೆದಮೇಲೆ ಒಬ್ಬಳೇ ಕೂತು ನಕ್ಕೆ ಕೂಡ. ಅದು ಯಾವ ಮಗು ಎಂದು ಗೊತ್ತಿದ್ದೂ ನಕ್ಕೆ.

ಪೋಷಕರ ಸಭೆಯಲ್ಲಿ ಆದದ್ದು ನಿನಗೆ ಗೊತ್ತು. ಆದರೆ ನಾನು ನಿಂತಿದ್ದ ಮೂಲೆಯಿಂದ ಅದು ಹೇಗೆ ಕಂಡಿತು ಎಂದು ನಿನಗೆ ಗೊತ್ತಿಲ್ಲ. ಪೋಷಕರಲ್ಲಿ ಒಬ್ಬನಾದ ಆ ದಂತವೈದ್ಯ ನನ್ನ ಹಾಲಿನ ಪ್ಯಾಕೆಟ್ಟಿನ ಸಾಲನ್ನು ಗಟ್ಟಿಯಾಗಿ ಓದಿದ, ಇಡೀ ಹಾಲ್ ನಕ್ಕಿತು. ನಿನ್ನ ಪಕ್ಕದ ಹೆಂಗಸು ನಿನ್ನ ಕಡೆ ಕಣ್ಣು ಮಾಡಿ ಇನ್ನೊಬ್ಬಳಿಗೆ ತೋರಿಸಿದಳು. ಹೆಡ್‌ಮಿಸ್ ನಿನ್ನನ್ನು ನಿಲ್ಲಿಸಿ, “ನೀವೇ ಹೇಳಿ, ಆ ಚಳೀಲಿ ಮಗೂನ ಬಿಟ್ಟು ಹೋಗೋಕೆ ಹೇಗೆ ಮನಸ್ಸು ಬರತ್ತೆ?” ಎಂದರು. ನೀನು ಒಂದು ಕ್ಷಣ ನನ್ನ ಕಡೆ ನೋಡಿದೆ. ನಾನು ಕೈಯಲ್ಲಿದ್ದ ಟೀ ತಟ್ಟೆ ನೋಡಿದೆ. “ತಪ್ಪಾಯ್ತು ಮಿಸ್, ಇನ್ಮೇಲೆ ಹಾಗಾಗಲ್ಲ” ಎಂದು ಹೇಳಿ ನೀನು ಕೂತೆ. ಆಮೇಲೆ ನಾನು ಟೀ ಹಂಚುತ್ತ ನಿನ್ನ ಸಾಲಿಗೂ ಬಂದೆ. ನೀನು ಲೋಟ ತಗೊಂಡು “ಥ್ಯಾಂಕ್ಸ್ ಮೇಡಂ” ಎಂದೆ. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ನನ್ನ ಮಾನ ಕಾಪಾಡಲೆಂದೇ ಹಾಗಂದೆ. ಆ ಕ್ಷಣ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮಕ್ಕಳು ಅವಳನ್ನು ಹಾಲಿನ ಪ್ಯಾಕೆಟ್ ಎಂದು ಕರೆಯಲು ಶುರುಮಾಡಿದ್ದು ಅದರ ಮಾರನೆಯ ದಿನದಿಂದ. ಆಟದ ಹೊತ್ತಿನಲ್ಲಿ ಆಫೀಸಿನ ಕಿಟಕಿಗೆ ಎಲ್ಲ ಕೇಳಿಸುತ್ತದೆ. ನಾನು ಇಟ್ಟ ಹೆಸರು ಅದು. ನಾನು ಕಿಟಕಿ ಮುಚ್ಚಿದೆ, ಎದ್ದು ಹೋಗಿ ಗದರಿಸಲಿಲ್ಲ.

ಶುಕ್ರವಾರ, ರಜೆಗೆ ಮುಂಚಿನ ಕೊನೆಯ ದಿನ, ನಿನ್ನ ಅರ್ಜಿ ಹಿಡಿದುಕೊಂಡು ಹೆಡ್‌ಮಿಸ್ ಕೋಣೆಗೆ ಹೋದೆ. ಇವಳು ನನ್ನ ತಂಗಿ ಎಂದೆ. ಬೀಗದಕೈ, ರಜಾಯಿ, ಎಲ್ಲ ಹೇಳಿದೆ. ಅವರು ಗಂಟಲಿಗೆ ಸುತ್ತಿಕೊಂಡಿದ್ದ ಮಫ್ಲರ್ ಬಿಚ್ಚಿ ಮೇಜಿನ ಮೇಲಿಟ್ಟು ಕೇಳಿದರು, “ಸಭೆ ದಿನ ನಾನು ಆಕೇನ ನಿಲ್ಲಿಸಿ ಕೇಳ್ದಾಗ ನೀವೂ ಅಲ್ಲೇ ಇದ್ರಲ್ವಾ?”

“ಇದ್ದೆ ಮಿಸ್.”

“ಏನ್ ಮಾಡ್ತಾ ಇದ್ರಿ?”

“ಟೀ ಕೊಡ್ತಾ ಇದ್ದೆ.”

ಅವರು ಮಫ್ಲರನ್ನು ಮತ್ತೆ ಸುತ್ತಿಕೊಂಡರು. ಆಮೇಲೆ, “ನಾನು ಕ್ಷಮೆ ಕೇಳೋಕೆ ಆಕೆ ಮನೆಗೆ ಹೋಗ್ತೀನಿ. ನೀವು ಏನ್ ಮಾಡ್ತೀರೋ ನಿಮಗೆ ಬಿಟ್ಟಿದ್ದು” ಎಂದರು. ಕೆಲಸದಿಂದ ತೆಗೆಯಲಿಲ್ಲ. ಜನವರಿಯಿಂದ ಬೆಳಗಿನ ಪಾಳಿಗೆ ಹೋಗುವವರ ಮಕ್ಕಳಿಗೆಲ್ಲ ಗೇಟು ಬೇಗ ತೆರೆಯಬೇಕು, ತೆರೆಯಬೇಕಾದವಳು ನಾನೇ ಎಂದು ಹೇಳಿದರು. ಅವರು ಬಂದಾಗ ದಯವಿಟ್ಟು ಬಾಗಿಲು ತೆಗೆ. ಅವರ ಗಂಟಲು ಸರಿಯಿಲ್ಲ, ಆಚೆ ನಿಲ್ಲಿಸಬೇಡ.

ಹೊಸ ಸೂಚನೆ ಬರೆದಿದ್ದೇನೆ. ಸ್ಕೂಲು ತೆರೆದ ದಿನ ಎಲ್ಲ ಮಕ್ಕಳ ಬ್ಯಾಗಿನಲ್ಲಿ ಮನೆಗೆ ಹೋಗುತ್ತದೆ. ಕೈಗವಸಿನ ಸುದ್ದಿಗಿಂತ ಮೇಲೆ, ಮೊದಲನೆಯದಾಗಿ ಇದು: ‘ಹಿಂದಿನ ಸೂಚನೆಯಲ್ಲಿ ಗೇಟಿನ ಬಗ್ಗೆ ಬರೆದದ್ದು ತಪ್ಪು. ಆ ಮಗುವನ್ನು ಚಳಿಯಲ್ಲಿ ಕಾಯಿಸಿದವಳು ಅವಳ ತಾಯಿಯಲ್ಲ, ಬೇಗ ಬಂದು ಗೇಟು ತೆಗೆಯುತ್ತೇನೆ ಎಂದು ಮಾತು ಕೊಟ್ಟು ಬಾರದಿದ್ದ ಆಫೀಸಿನವಳು. ಆ ತಾಯಿ ನನ್ನ ಸ್ವಂತ ತಂಗಿ.’ ಒಂದು ತಮಾಷೆಯನ್ನೂ ಸೇರಿಸಿಲ್ಲ. ಓದಿ ನಗುವವರು ನನ್ನನ್ನು ನೋಡಿ ನಗಲಿ.

ವರ್ಗಾವಣೆ ಪತ್ರ ಟೈಪ್ ಮಾಡಿಟ್ಟಿದ್ದೇನೆ. ಬುಧವಾರದವರೆಗೆ ಆಫೀಸು ತೆರೆದಿರುತ್ತದೆ. ಬೇಕೇ ಬೇಕು ಎಂದರೆ ಬಾ, ಅಡ್ಡ ಬರುವುದಿಲ್ಲ. ಬೇಡ ಎಂದರೆ ಬರಬೇಡ, ನಾನೇ ಅದನ್ನು ಹರಿದುಹಾಕುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಮಗು ಮಾತ್ರ ತನ್ನ ಬೆಂಚಿನಲ್ಲೇ ಕೂರಲಿ ಎನ್ನುವುದಷ್ಟೇ ಬೇಡಿಕೆ.

ನಿನ್ನ ಗಂಡನಿಗೆ ಮಂಜಿನಲ್ಲಿ ಲಾರಿ ನಿಧಾನವಾಗಿ ಓಡಿಸಲು ಹೇಳು. ಒಲೆಯ ಮುಂದೆ ನಿಂತು ನಿಂತು ನಿನ್ನ ಕೈ ಒಡೆದಿರುತ್ತದೆ, ಎಣ್ಣೆ ಹಚ್ಚಿಕೋ. ನಿಮ್ಮ ಮೂವರಿಗೂ ಒಳ್ಳೆಯದಾಗಲಿ.

ಇಂತು ನಿನ್ನ
ಅಕ್ಕ

ವಿ.ಸೂ.: ನನ್ನ ಸೂಚನೆಗಳಲ್ಲೂ ಮುಖ್ಯವಾದದ್ದು ಇಲ್ಲೇ ಬರುವುದು, ನಿನಗೆ ಗೊತ್ತಲ್ಲ. ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಏಳಲಿಲ್ಲ. ನಿನ್ನೆ ಸಂಜೆ ಮೂಲೆಯ ಪೇಪರ್ ಅಂಗಡಿಯಲ್ಲಿ ಬಟಾಣಿ ಸಿಕ್ಕಿದ್ದಳು, ರಬ್ಬರ್ ತಗೊಳ್ಳಲು ಬಂದಿದ್ದಳು. ಮೂಗಿನವರೆಗೆ ಟೋಪಿ. ನಾನು “ಬಟಾಣಿ” ಎಂದೆ. ಅವಳ ಮುಖ ಅರಳಿತು, ನೋಡಿದೆ. ಆದರೆ ತಕ್ಷಣ ಅಂಗಡಿಯವನ ಕಡೆ ಒಮ್ಮೆ ತಿರುಗಿ ನೋಡಿ, ನೆಟ್ಟಗೆ ನಿಂತು, “ಗುಡ್ ಈವ್ನಿಂಗ್ ಆಫೀಸ್ ಮಿಸ್” ಎಂದಳು. ಕೋಪ ಇರಬೇಕು, ಇರಲಿ ಎಂದುಕೊಂಡೆ. ಬಗ್ಗಿ, “ಇವತ್ತು ಸ್ಕೂಲಿಲ್ವಲ್ಲೇ, ದೊಡ್ಡಮ್ಮ ಅನ್ನು” ಎಂದೆ. ಅವಳು ನನ್ನ ಕಿವಿಗೆ ಬಾಯಿಟ್ಟು, “ಅಂಗಡಿ ಅಂಕಲ್ ಇದ್ದಾರೆ. ಗೊತ್ತಾದ್ರೆ ನಿಮಗೆ ಬೇಜಾರಾಗತ್ತಲ್ವಾ?” ಎಂದಳು.

ಕೋಪ ಅಲ್ಲ, ತಂಗಿ. ಅವಳು ಇನ್ನೂ ನನ್ನನ್ನು ಕಾಯುತ್ತಿದ್ದಾಳೆ. ಎಲ್ಲರ ಮುಂದೆ, ಗಟ್ಟಿಯಾಗಿ ಕರೆಯಬಹುದು ಎಂದು ಅವಳಿಗೆ ನೀನೇ ಹೇಳು. ನಾನು ಹೇಳಿದೆ, ಅವಳು ನಂಬಲಿಲ್ಲ.