ಬಲಕ್ಕೆ ಬಿದ್ದ ಹೂವು

ಹಳಿಯಾಳ
ಭಾನುವಾರ, ೧೬ ನವೆಂಬರ್ ೨೦೨೫

ನನ್ನ ಮಗಳು ದಾನವ್ವನಿಗೆ,

ಹೇಗಿದ್ದೀಯ? ನಿಮ್ಮೂರು ಗಣೇಶಗುಡಿಯಲ್ಲಿ ಚಳಿ ಶುರುವಾಗಿರಬೇಕು. ನಿನಗೆ ಸಣ್ಣಂದಿನಿಂದಲೂ ಚಳಿ ಬಿತ್ತೆಂದರೆ ಮೂಗು ಕಟ್ಟುತ್ತದೆ. ಮಲಗುವ ಮುಂಚೆ ಬಿಸಿನೀರಿನ ಹಬೆ ತೆಗೆದುಕೋ. ನಿನ್ನ ಗಂಡ ಜ್ಯೋತಿಬಾ ಇನ್ನೂ ರಾಫ್ಟಿಂಗ್ ಕೆಲಸಕ್ಕೇ ಹೋಗುತ್ತಾನಂತೆ. ದಿನವಿಡೀ ನೀರಲ್ಲಿ ನೆನೆಯುವ ಮನುಷ್ಯ, ಮನೆಗೆ ಬಂದ ಕೂಡಲೇ ತಲೆ ಒರೆಸಿಕೊಳ್ಳಲು ಹೇಳು. ಅಳಿಯನಿಗೆ ಆರು ವರ್ಷದಲ್ಲಿ ನಾನು ಹೇಳಿಕಳಿಸುತ್ತಿರುವ ಮೊದಲ ಮಾತು ಇದು, ನಗಬೇಡ. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಕೇಳುವ ಬಾಯಿ ನನಗಿಲ್ಲ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಸಕ್ಕುಬಾಯಿ ನಿಮ್ಮೂರಿನ ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುತ್ತಾಳಲ್ಲ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನನ್ನ ಆರೋಗ್ಯ ಪರವಾಗಿಲ್ಲ. ಹಿಮ್ಮಡಿ ಮಾತ್ರ ಒಡೆದು ರಕ್ತ ಬರುತ್ತದೆ. ಚಪ್ಪಲಿ ಬಿಟ್ಟು ಆರು ವರ್ಷವಾಯಿತು. ಯಾಕೆ ಬಿಟ್ಟೆ ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ.

ನೀನು ಬೇರೆ ಜಾತಿಯವನನ್ನು ಮದುವೆಯಾಗಿ ಹೋದಾಗ ನಿಮ್ಮಪ್ಪ ಕೂಗಾಡಲಿಲ್ಲ. ಗೊಬ್ಬರದ ಅಂಗಡಿಗೆ ಬೀಗ ಹಾಕಿ ಬಂದು, ಕೈಕಾಲು ತೊಳೆದು, ಮೆತ್ತಗೆ "ವೀರಭದ್ರನ್ನ ಕೇಳೂಣು. ಅವ ಅಪ್ಪಣಿ ಕೊಟ್ಟ ದಿನಾ ಮಗಳನ್ನ ಮನೀಗೆ ಕರಕೊಂಡ ಬರೂಣು" ಎಂದರು. ನನಗೆ ಅದು ನ್ಯಾಯ ಅನ್ನಿಸಿತು. ನಮ್ಮ ಮನೆಯಲ್ಲಿ ಹೊಲ ಕೊಂಡಿದ್ದು, ನನ್ನನ್ನು ಸೊಸೆ ಮಾಡಿಕೊಂಡಿದ್ದು ಎಲ್ಲವೂ ಆ ದೇವರ ಹೂವು ಕೇಳಿಯೇ. ಅವತ್ತೇ ನಾನು ದೇವರಲ್ಲಿ ಬೇಡಿಕೊಂಡೆ: ವೀರಭದ್ರಾ, ನೀನು ಅಪ್ಪಣೆ ಕೊಡುವವರೆಗೆ ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ, ಮಗಳ ಮುಖ ನೋಡುವುದಿಲ್ಲ.

ಆಮೇಲೆ ಒಂದು ಅಮಾವಾಸ್ಯೆಯನ್ನೂ ಬಿಡಲಿಲ್ಲ. ಸ್ಕೂಟರಿನಲ್ಲಿ ವೀರಭದ್ರನ ಗುಡಿಗೆ ಹೋಗುವುದು, ನಾನು ಹೊರಗೆ ಕಟ್ಟೆಯ ಮೇಲೆ ಕಾಯಿ ಹಿಡಿದು ಕೂರುವುದು, ನಿಮ್ಮಪ್ಪ ಒಳಗೆ ಹೋಗುವುದು. ನಿನಗೆ ಗೊತ್ತಲ್ಲ, ಆ ಗುಡಿಯಲ್ಲಿ ಕೇಳುವವನೊಬ್ಬನೇ ಒಳಗೆ ಹೋಗಬೇಕು, ಅವನು ಮನೆಯ ಯಜಮಾನನೇ ಆಗಿರಬೇಕು. ಪೂಜಾರಿ ಬಸಲಿಂಗಯ್ಯನವರು ಒದ್ದೆ ಹೂವನ್ನು ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಎರಡೂ ಬೀಳದಿದ್ದರೆ ಇನ್ನೂ ಕಾಯಬೇಕು. ನಿಮ್ಮಪ್ಪ ಹೊರಗೆ ಬಂದು ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು, "ಇನ್ನೂ ಬಿದ್ದಿಲ್ಲ." ನಾನು ಕಾಯಿ ಒಡೆಸಿ, ನನ್ನ ಭಕ್ತಿಯಲ್ಲೇ ಏನೋ ಕೊರತೆ ಇರಬೇಕೆಂದು ಸೋಮವಾರದ ಜೊತೆ ಗುರುವಾರವೂ ಉಪವಾಸ ಹಿಡಿದೆ.

ಮೂರು ವರ್ಷದ ಹಿಂದೆ ನೀನು ಎಳೆ ಕೂಸನ್ನು ಎತ್ತಿಕೊಂಡು ಬಂದು ಗೇಟಿನ ಹೊರಗೆ ನಿಂತೆ. ನಾನು ಬೆನ್ನು ತಿರುಗಿಸಿ ನಿಂತೇ ಮಾತಾಡಿದೆ. "ದೇವರು ಇನ್ನೂ ಹೇಳಿಲ್ಲವ್ವಾ, ಹೋಗು" ಎಂದೆ. "ನೀ ಏನ ಹೇಳ್ತಿ ಅವ್ವಾ?" ಎಂದು ನೀನು ಕೇಳಿದೆ. ಕೂಸು ಅಳುತ್ತಿತ್ತು. ಹಸಿದ ಅಳು ಎಂದು ಗೊತ್ತಾಯಿತು, ನಾನೂ ಹೆತ್ತವಳಲ್ಲವೇ. ಆದರೂ ತಿರುಗಲಿಲ್ಲ. ಅಷ್ಟು ಗಟ್ಟಿಯಾಗಿ ನಿಂತೆನಲ್ಲ ಎಂದು ಒಳಗೆ ಬಂದ ಮೇಲೆ ಒಂದು ಬಗೆಯ ಹೆಮ್ಮೆಯೂ ಆಗಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ, ಆದರೆ ಮುಚ್ಚಿಡುವುದಿಲ್ಲ.

ಮೊನ್ನೆ ಗುರುವಾರ ಬಸಲಿಂಗಯ್ಯನವರು ಕಾರ್ತಿಕದ ದೀಪಕ್ಕೆ ಎಣ್ಣೆ ಕೇಳಿಕೊಂಡು ಬಂದಿದ್ದರು. ನಿಮ್ಮಪ್ಪ ಅಂಗಡಿಯಲ್ಲಿದ್ದರು. ಪೂಜಾರಿಗಳು ಚಹಾ ಕುಡಿಯುತ್ತಾ ನನ್ನ ಕಾಲು ನೋಡಿ, "ಇದ್ಯಾಕ ಕಾಶೆವ್ವಾ, ಇನ್ನೂ ಬರಿಗಾಲಿಲೆ ಅಡ್ಡಾಡ್ತೀರಿ? ಮಗಳ ಸಲುವಾಗಿ ದೇವರು ಬಲಕ್ಕ ಕೊಟ್ಟು ನಾಕ ವರ್ಷ ಆತಲ್ರಿ" ಎಂದರು. ನಾನು ಎಣ್ಣೆಯ ಡಬ್ಬಿ ಹಿಡಿದುಕೊಂಡೇ ನಿಂತೆ. ಕೇಳಿದ ಮೂರನೆಯ ವರ್ಷವೇ, ಇಂಥದೇ ಕಾರ್ತಿಕದಲ್ಲಿ ಹೂವು ಬಿದ್ದಿತ್ತಂತೆ. ನೀನು ಬಂದುಹೋಗುತ್ತಿದ್ದೀಯ ಎಂದೇ ಅವರು ತಿಳಿದಿದ್ದರು ಪಾಪ. ಹಾಗಾದರೆ ಆಮೇಲೆ ನಿಮ್ಮಪ್ಪ ಅಮಾವಾಸ್ಯೆಗೊಮ್ಮೆ ಏನು ಕೇಳುತ್ತಿದ್ದರು ಎಂದೆ. ಬೋರ್‌ವೆಲ್ ಎಲ್ಲಿ ಹಾಕಿಸಲಿ, ಅಂಗಡಿ ಮುಂದಕ್ಕೆ ಬೆಳೆಸಲೋ ಬೇಡವೋ, ಇಂಥವೇ ಅಂತೆ.

ಅಂದರೆ ನೀನು ಗೇಟಿನ ಹತ್ತಿರ ಬಂದ ದಿನ ದೇವರು ಆಗಲೇ ಹೇಳಿಯಾಗಿತ್ತು. ನಿಮ್ಮಪ್ಪ ಒಳಗೆ ಕುರ್ಚಿಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅವರು ಊಟಕ್ಕೆ ಬಂದಾಗ ಕೇಳಿದೆ. ಸುಳ್ಳು ಹೇಳಲಿಲ್ಲ. ರೊಟ್ಟಿ ಮುರಿಯುತ್ತಲೇ "ದೇವರು ಕೊಟ್ಟ. ನನಗ ಮನಸ್ಸ ಆಗ್ಲಿಲ್ಲ" ಎಂದರು. ಅಷ್ಟೇ. ಆ ಮಾತನ್ನು ಆರು ವರ್ಷದ ಹಿಂದೆಯೇ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಕದ್ದಾದರೂ ನಿಮ್ಮೂರ ಕಡೆಯ ದಾಂಡೇಲಿ ಬಸ್ಸು ಹತ್ತುತ್ತಿದ್ದೆ. ಗಂಡನ ಮಾತು ಮೀರಲು ನನಗೆ ಧೈರ್ಯವಿತ್ತು ದಾನವ್ವಾ, ದೇವರ ಮಾತು ಮೀರಲು ಇರಲಿಲ್ಲ. ಅದನ್ನು ಅವರು ಚೆನ್ನಾಗಿ ಬಲ್ಲರು.

ವೀರಭದ್ರನ ಮೇಲೂ ಸಿಟ್ಟಿದೆ. ನಾನು ಅವನಿಂದ ಹತ್ತು ಮಾರು ದೂರದಲ್ಲಿ ಕೂತಿರುತ್ತಿದ್ದೆ. ಬೋರ್‌ವೆಲ್ಲಿಗೆಲ್ಲ ಹೂವು ಬೀಳಿಸಿದವನಿಗೆ ಹೊರಗಿನವಳ ಕಿವಿಗೆ ಮುಟ್ಟಿಸುವ ದಾರಿ ಹೊಳೆಯಲಿಲ್ಲವೇ? ಹಾಗಂತ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವುದನ್ನು ಬಿಡಲೂ ಆಗಲಿಲ್ಲ. ಬೈಯುತ್ತಲೇ ಹಚ್ಚಿಕೊಂಡೆ. ಅವನು ತನ್ನ ಕೆಲಸ ಮಾಡಿದ್ದ, ನಾನೇ ಇನ್ನೊಬ್ಬರ ಬಾಯಿಂದ ಅವನ ಮಾತು ಕೇಳುತ್ತಾ ಕೂತೆ. ಬರುವ ಗುರುವಾರ ಮತ್ತೆ ಅಮಾವಾಸ್ಯೆ. ನಿಮ್ಮಪ್ಪ ಏನೂ ಆಗದವರಂತೆ ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದಾರೆ. ನಾನು ಹೋಗುವುದಿಲ್ಲ. ಅವರು ಏನು ಬೇಕಾದರೂ ಕೇಳಿಕೊಳ್ಳಲಿ.

ನೀನು, ನಿನ್ನ ಗಂಡ, ಮಗಳು ಸುಖವಾಗಿರಿ. ಇದಕ್ಕೆ ದೇವರ ಹೆಸರು ಸೇರಿಸಿಲ್ಲ. ಇದು ನನ್ನ ಆಶೀರ್ವಾದ ಮಾತ್ರ, ಎಷ್ಟು ನಡೆಯುತ್ತದೋ ಅಷ್ಟು ನಡೆಯಲಿ.

ನಿನ್ನ ಅವ್ವ,
ಕಾಶೆವ್ವ

ತಾ.ಕ.: ಸಕ್ಕುಬಾಯಿ ಚೀಲ ಹಿಡಿದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ಮಗಳ ಹೆಸರು ನನಗೆ ಗೊತ್ತಿಲ್ಲ. ಕೇಳಿದರೆ ವ್ರತ ಕೆಟ್ಟೀತೆಂದು ಯಾರನ್ನೂ ಕೇಳಲಿಲ್ಲ. ಸಕ್ಕುಬಾಯಿಗೆ ಗೊತ್ತು, ಈಗಲೂ ಹೇಳಲು ಬಾಯಿ ತೆರೆದಳು, ಬೇಡವೆಂದೆ. ನೀನೇ ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಡು. ಚೀಟಿ ಬಂದರೆ ಮರುದಿನದ ಮೊದಲ ಬಸ್ಸಿಗೆ ಬರುತ್ತೇನೆ. ಬರದಿದ್ದರೆ ನೀನು ಬೇಡ ಎಂದಿದ್ದೀಯ ಎಂದು ತಿಳಿಯುತ್ತೇನೆ, ಅದಕ್ಕೆ ಬೇರೆ ಯಾರ ಹೆಸರನ್ನೂ ಹೊಣೆ ಮಾಡುವುದಿಲ್ಲ.