ಡೆಲಿಯೊ ಇದ್ದ, ನೆನಿಟಾ ಇದ್ದಾಳೆ

ಅಕ್ಟೋಬರ್ 4, ಬೆಳಿಗ್ಗೆ
ಹದಿನಾರು ಶಾಲಾ ಲಂಗ ಮುಗಿದವು. ಇನ್ನು ಹತ್ತು. ಅತ್ತೆ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಾ ಕೇಳಿದರು— "ಆ ದೋಣಿಕಟ್ಟೆ ಟಿಕೆಟ್ ಕೊಡೋಳು, ನೆನಿಟಾ, ಈ ವಾರ ಮೂರು ಸಲ ಬಂದ್ಲು. ಅವಳಿಗೆ ಅಷ್ಟೊಂದು ಬಟ್ಟೆ ಹರಿಯುತ್ತಾ?"
ಹೊಲಿಗೆ ಮಷೀನ್ ಜೋರಾಗಿ ತುಳಿದೆ.

ಅಕ್ಟೋಬರ್ 9
ಹೇಳಿಬಿಟ್ಟೆ. ನೆನಿಟಾಳನ್ನು ಪ್ರೀತಿಸುತ್ತೇನೆ ಎಂದು. ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಅತ್ತೆ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ— "ಹಾಗಾದ್ರೆ ನನ್ನ ಮಗನ ಜೊತೆ ಹದಿನಾಲ್ಕು ವರ್ಷ ನಾಟಕ ಆಡಿದ್ಯಾ?"
"ಇಲ್ಲ ಅತ್ತೆ."
"ಹೆಂಗಸು ಬೇಕು ಅನ್ನೋಳಿಗೆ ಗಂಡಸು ಹೇಗೆ ಬೇಕಾಗ್ತಾನೆ? ಎರಡ್ರಲ್ಲಿ ಒಂದು ಸುಳ್ಳು."
ನನ್ನ ಗಂಡ ಡೆಲಿಯೊ ತೀರಿಹೋಗಿ ಮೂರು ವರ್ಷ. ಅವನು ಓಡಿಸುತ್ತಿದ್ದ ಪ್ರಯಾಣಿಕರ ಗಾಡಿ, ಆ ಜೀಪ್ನಿ, ತಿರುವಿನಲ್ಲಿ ಹಾರ್ನ್ ಹಾಕಿದರೆ ಕನ್ನಡಿ ಮುಂದೆ ಓಡುತ್ತಿದ್ದೆ. ಮದುವೆಯಾಗಿ ಹನ್ನೊಂದನೇ ವರ್ಷದಲ್ಲೂ. ಅದು ನಾಟಕವೇ?

ಅಕ್ಟೋಬರ್ 12, ಮಧ್ಯಾಹ್ನ
ಗಿಮಾರಾಸ್ ದ್ವೀಪದ ದೋಣಿಗೆ ಇನ್ನೂ ಹೊತ್ತಿತ್ತು. ದೋಣಿಕಟ್ಟೆಯಲ್ಲಿ ನೆನಿಟಾ ಊಟದ ಡಬ್ಬಿ ಬಿಚ್ಚಿದ್ದಳು. ಅತ್ತೆ ಕೇಳಿದ್ದನ್ನು ಹೇಳಿದೆ. ಮೀನಿನ ಮುಳ್ಳು ಬಿಡಿಸುತ್ತಾ ಅಂದಳು— "ಹೌದು, ನಾಟಕನೇ ಅಂದ್ಬಿಡು. ಹೇಗೋ ಹೊಂದ್ಕೊಂಡಿದ್ದೆ ಅಷ್ಟೇ ಅನ್ನು. ನಂಗೂ ನೆಮ್ಮದಿ."
"ನಿಂಗ್ಯಾಕೆ ನೆಮ್ಮದಿ?"
"ಅವನು ನಿಜ ಆಗಿದ್ರೆ ನಾಳೆ ಇನ್ನೊಬ್ಬ ಗಂಡಸೂ ನಿಜ ಆಗ್ತಾನೆ. ನಿನ್ನಂಥೋರನ್ನ ನೋಡಿದೀನಿ, ಫೆಲಿ. ಕೊನೆಗೆ ಚರ್ಚಲ್ಲಿ ಬಿಳಿ ಗೌನ್ ಹಾಕ್ಕೊಂಡು ನಿಲ್ತಾರೆ."
ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. "ಅವನೂ ನಿಜ, ನೀನೂ ನಿಜ" ಎಂದೆ. ಡಬ್ಬಿ ಮುಚ್ಚಿದಳು. ಅರ್ಧ ಊಟ ಹಾಗೇ ಇತ್ತು.

ಅಕ್ಟೋಬರ್ 13
ಫೋನಿನಲ್ಲಿ ಓದಿದೆ. ಬೈಸೆಕ್ಷುಯಲ್. ಗಂಡು, ಹೆಣ್ಣು— ಯಾರ ಮೇಲೂ ಮನಸ್ಸಾಗಬಹುದಾದವರು. ಒಟ್ಟಿಗೇ ಇಬ್ಬರು ಬೇಕೆಂದಲ್ಲ. ತೀರ್ಮಾನವಾಗದೆ ಉಳಿದವರೂ ಅಲ್ಲ. ಯಾರ ಜೊತೆಗಿದ್ದರೂ ಸ್ವಭಾವ ಅದೇ.
ನಲವತ್ತೆರಡು ವರ್ಷ ನನ್ನನ್ನು ನಾನೇ ಅರ್ಧಂಬರ್ಧ ಅಂದುಕೊಂಡಿದ್ದೆ... ಮುಂದಿನ ಬೆಂಚಿನ ಹುಡುಗಿಯ ಜಡೆ ನೋಡುತ್ತಾ ಪಾಠ ಮರೆತದ್ದು ನಾನೇ. ಡೆಲಿಯೊಗೆ ಸೋತದ್ದೂ ನಾನೇ.

ಅಕ್ಟೋಬರ್ 30
ನೆನಿಟಾ ಬಂದಿಲ್ಲ. ಅತ್ತೆ ಮಾತಾಡಿಲ್ಲ. ಸಂಜೆ ಅವರ ಕಾಲಿಗೆ ಎಣ್ಣೆ ತಿಕ್ಕುವಾಗ ನಾನೇ ಹೇಳಿದೆ. "ಅವನು ಹೋದಾಗ ನಾನು ಅತ್ತಿದ್ದು ನೀವು ನೋಡಿದೀರಿ. ಅದು ಸುಳ್ಳು ಅನ್ಸಿದ್ರೆ ಹೇಳಿ. ನಾಳೆನೇ ಮನೆ ಬಿಡ್ತೀನಿ."
ಕಾಲು ಎಳೆದುಕೊಳ್ಳಲಿಲ್ಲ. ಗೋಡೆ ನೋಡುತ್ತಾ, "ಮಂಡಿಗೂ ಹಚ್ಚು" ಎಂದರು.

ನವೆಂಬರ್ 1, ಸಂಜೆ
ಹಿರಿಯರ ಹಬ್ಬ. ಬೆಳಿಗ್ಗೆಯೇ ಸ್ಮಶಾನಕ್ಕೆ ಹೋಗಿ ಡೆಲಿಯೊನ ಗೋರಿ ಪಕ್ಕ ಚಾಪೆ ಹಾಸಿದೆವು. ಮೇಣದಬತ್ತಿ, ಅನ್ನ, ಕೋಳಿ. ನೆನಿಟಾ ಬಂದಳು. ಕರೆದಿರಲಿಲ್ಲ. ಕೈಯಲ್ಲಿ ಬಿಳಿ ಹೂವು ಹಿಡಿದು ದೂರದಲ್ಲೇ ನಿಂತಳು.
ಅತ್ತೆ ಅವಳತ್ತ ನೋಡದೆ ಅಂದರು— "ಬಿಸಿಲಲ್ಲಿ ಯಾಕೆ ನಿಂತಿದ್ದಾಳೆ? ಕೂತ್ಕೋ ಅನ್ನು."
ಕೂತಳು. ಗೋರಿ ಮೇಲಿನ ಹೆಸರು ಓದಿದಳು. ಆಮೇಲೆ ಸಣ್ಣ ದನಿಯಲ್ಲಿ— "ಹೇಗಿದ್ದ ಅವನು?"
ಮೂರು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಹೇಳುತ್ತಾ ಹೋದೆ. ನಡುನಡುವೆ ಅತ್ತೆ ತಿದ್ದಿದರು. ಒಮ್ಮೆ ನೆನಿಟಾ ನಕ್ಕಳು, ನಂತರ ನನ್ನ ಕೈ ಹಿಡಿದಳು. ಅತ್ತೆ ನೋಡಿದರು. ಅನ್ನ ಬಡಿಸಿದರು. ಮೂರು ತಟ್ಟೆ.
ಈಗ ಅಡುಗೆಮನೆಯಲ್ಲಿ ಅತ್ತೆ, ನೆನಿಟಾ ಇಬ್ಬರ ದನಿಯೂ ಕೇಳಿಸುತ್ತಿದೆ. ಏನು ಮಾತಾಡುತ್ತಿದ್ದಾರೋ— ನನ್ನನ್ನೂ ಕರೆಯುತ್ತಿದ್ದಾರೆ. ಹೋಗುತ್ತೇನೆ.